ಹಳೇ ಕಟ್ಟಡದ ಜೀರ್ಣೋದ್ಧಾರಕ್ಕೆ ದಾಖಲೆ ಕಟ್ಟುವುದು ಹೇಗೆ: ಚಿತ್ರದುರ್ಗ, ದಾವಣಗೆರೆ ಸೀಮೆಯವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಗುಡಿಯ ಜೀರ್ಣೋದ್ಧಾರ ಅಂದರೆ ಮೊದಲು ಚಂದಾ ಎತ್ತುತ್ತಾರೆ, ಆಮೇಲೆ ಪೂಜೆ, ಮರುದಿನವೇ ಹಾರೆ ಗುದ್ದಲಿ. ಕಳಸ ಏರಿದ ಮೇಲೆ "ಮೊದಲು ಹೇಗಿತ್ತು?" ಎಂದು ಯಾರಾದರೂ ಕೇಳಿದರೆ ತೋರಿಸಲು ಯಾರದೋ ಮದುವೆ ಫೋಟೋದ ಹಿಂದೆ ಕಾಣುವ ಅರ್ಧ ಬಾಗಿಲು ಬಿಟ್ಟು ಬೇರೇನೂ ಇರುವುದಿಲ್ಲ. ಮಾಳಿಗೆ ಮನೆ, ಪೇಟೆಯ ಹಳೇ ಅಂಗಡಿ ಸಾಲು, ಊರ ಪುಷ್ಕರಣಿ, ಅಗಸೆ ಬಾಗಿಲು ಎಲ್ಲಕ್ಕೂ ಇದೇ ಗತಿ. ಗೋಡೆ ಬಿಚ್ಚಿದಾಗಲೇ ಅದರ ಒಳಗೇನಿದೆ ಎಂದು ಕಾಣುವುದು. ಬಿಚ್ಚಿದ್ದನ್ನು ನಾಲ್ಕು ದಿನದಲ್ಲಿ ಮುಚ್ಚುತ್ತಾರೆ, ಉದುರಿದ್ದನ್ನು ಟ್ರ್ಯಾಕ್ಟರ್‌ಗೆ ತುಂಬುತ್ತಾರೆ. ಆ ನಾಲ್ಕು ದಿನ ಕೈತಪ್ಪದಂತೆ ಹಿಡಿಯುವುದೇ ದಾಖಲೆಯವರ ಕೆಲಸ. ಉಳಿದದ್ದನ್ನು ಆಮೇಲೂ ಮಾಡಬಹುದು, ಇದನ್ನು ಆಗದು.

ಪುರಾತನ ಕಟ್ಟಡಗಳ ಸಂರಕ್ಷಣೆಗೆ ಇಂದಿಗೂ ಆಧಾರವಾಗಿರುವ 1964ರ ವೆನಿಸ್ ಸನ್ನದಿನ 16ನೆಯ ಕಲಮು ಇದನ್ನೇ ಹೇಳುತ್ತದೆ: ಪ್ರತಿ ಹಂತವನ್ನೂ ನಕ್ಷೆ, ಫೋಟೋ, ವರದಿಗಳಲ್ಲಿ ಹಿಡಿದಿಡಬೇಕು, ಆ ದಾಖಲೆ ಸಾರ್ವಜನಿಕ ಸಂಸ್ಥೆಯೊಂದರಲ್ಲಿರಬೇಕು, ಅಧ್ಯಯನ ಮಾಡುವವರಿಗೆ ಸಿಗಬೇಕು. ಇಷ್ಟಕ್ಕೆ ದೊಡ್ಡ ಸಂಸ್ಥೆಯೇ ಬೇಕಿಲ್ಲ. ಊರಿನ ಗ್ರಂಥಾಲಯ, ಕಾಲೇಜಿನ ಇತಿಹಾಸ ವಿಭಾಗ, ಮಠದ ಒಂದು ಕೋಣೆ, ಜೊತೆಗೆ ಬಿಡದೆ ಕೂರುವ ಇಬ್ಬರು ಮೂವರು ಸಾಕು.

ಕಟ್ಟಡ ಯಾರ ಸುಪರ್ದಿಯಲ್ಲಿದೆ?

ಕ್ಯಾಮೆರಾ ಹಿಡಿಯುವ ಮೊದಲು ಇದನ್ನು ಇತ್ಯರ್ಥ ಮಾಡಿಕೊಳ್ಳಿ. ಚಿತ್ರದುರ್ಗದ ಕೋಟೆ, ಸಂತೇಬೆನ್ನೂರಿನ ಪುಷ್ಕರಣಿ, ಹರಿಹರದ ಹರಿಹರೇಶ್ವರ ಗುಡಿಯಂಥವು ಕೇಂದ್ರದ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಕೆಲವು ರಾಜ್ಯದ ಪುರಾತತ್ತ್ವ ಇಲಾಖೆಯವು, ಇವಕ್ಕೆ 1961ರ ರಾಜ್ಯ ಕಾಯ್ದೆ ಅನ್ವಯಿಸುತ್ತದೆ. ಊರ ಗುಡಿಗಳಲ್ಲಿ ಅನೇಕವು ಮುಜರಾಯಿಗೆ ಸೇರಿದವು. ಉಳಿದವು ಮನೆತನದ್ದು, ಮಠದ್ದು, ಸಮಾಜದ್ದು.

ಕೇಂದ್ರ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಕೋಟೆಯ ಬುಡದ ಹಳೇ ಬೀದಿಗಳ ಮನೆಯವರು ಸೂರು ಬದಲಿಸಬೇಕೆಂದರೂ ಅನುಮತಿಗೆ ಅರ್ಜಿ ಹಾಕಬೇಕು. ಅರ್ಜಿಯ ಜೊತೆ ಫೋಟೋ, ನಕ್ಷೆ ಕೊಟ್ಟಿರುತ್ತಾರಲ್ಲ, ಮನೆಯವರ ಹತ್ತಿರ ಅದರ ಪ್ರತಿ ಇದ್ದೇ ಇರುತ್ತದೆ. ಕೇಳಿ ತೆಗೆದುಕೊಳ್ಳಿ, ಒಳ್ಳೆಯ ಆರಂಭ.

ರಕ್ಷಿತ ಸ್ಮಾರಕದಲ್ಲಿ ಟ್ರೈಪಾಡ್, ಡ್ರೋನ್, ಶಾಸನದ ಪಡಿಯಚ್ಚು (ಕಾಗದ ಒತ್ತಿ ತೆಗೆಯುವ ನಕಲು) ಇವಕ್ಕೆಲ್ಲ ಮುಂಚಿತವಾಗಿ ಬರವಣಿಗೆಯ ಅನುಮತಿ ಪಡೆಯಿರಿ. ಖಾಸಗಿ ಮನೆಯಾದರೆ ಒಂದು ಪುಟದ ಒಪ್ಪಿಗೆ ಪತ್ರ ಸಾಕು. ಏನೇನು ತೆಗೆಯುತ್ತೇವೆ, ಎಲ್ಲಿ ಇಡುತ್ತೇವೆ, ಯಾರು ನೋಡಬಹುದು, ಯಾವುದನ್ನು ಪ್ರಕಟಿಸಬಾರದು ಎಂಬುದು ಅದರಲ್ಲಿರಲಿ. ಅಣ್ಣತಮ್ಮಂದಿರ ಪಾಲಿನ ಮನೆಯಾದರೆ ಎಲ್ಲ ಪಾಲುದಾರರ ಸಹಿ ಬೇಕು. ಒಬ್ಬರ ಸಹಿ ನಂಬಿ ಕೆಲಸ ಶುರುಮಾಡಿದರೆ ಅರ್ಧಕ್ಕೇ ನಿಲ್ಲುತ್ತದೆ.

ಹಳೇ ಕಾಗದ ಎಲ್ಲಿ ಹುಡುಕಬೇಕು

ಹೆಚ್ಚಿನವರು ಸೋಲುವುದು ಇಲ್ಲಿ, ಅದಕ್ಕೆ ಕಾರಣ ಜಿಲ್ಲೆಯ ಗಡಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ದಾವಣಗೆರೆ, ಹರಿಹರ, ಜಗಳೂರಿನ ಕಂದಾಯ ಕಾಗದಗಳು ಚಿತ್ರದುರ್ಗ ಜಿಲ್ಲೆಯ ಲೆಕ್ಕದಲ್ಲಿವೆ. ಚನ್ನಗಿರಿ, ಹೊನ್ನಾಳಿ ಆಗ ಶಿವಮೊಗ್ಗಕ್ಕೆ ಸೇರಿದ್ದವು. ಹಾಗಾಗಿ ಸಂತೇಬೆನ್ನೂರಿನ ಹಳೇ ಕಾಗದಕ್ಕೆ ಶಿವಮೊಗ್ಗದ ದಾರಿ ಹಿಡಿಯಬೇಕು. ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಬಂತು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ.

ಶಾಸನಗಳಿಗೂ ಇದೇ ಲೆಕ್ಕ. ಬಿ. ಎಲ್. ರೈಸ್ ಸಂಪಾದಿಸಿದ ಶಾಸನ ಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟ (1903) ಅಂದಿನ ಚಿತ್ರದುರ್ಗ ಜಿಲ್ಲೆಯದು. ಹರಿಹರದ ಶಾಸನಗಳು ಅಲ್ಲಿ ದಾವಣಗೆರೆ ತಾಲ್ಲೂಕಿನ ಪಟ್ಟಿಯಲ್ಲಿವೆ. ಚನ್ನಗಿರಿ, ಹೊನ್ನಾಳಿಯ ಶಾಸನ ಬೇಕೆಂದರೆ 7ನೆಯ ಸಂಪುಟ ನೋಡಬೇಕು. ಜೀರ್ಣೋದ್ಧಾರ ಮಾಡುವವರಿಗೆ ಶಾಸನ ಏಕೆ ಅಂದರೆ, ಯಾವ ಭಾಗ ಯಾವಾಗ ಕಟ್ಟಿದ್ದೆಂದು ಹೇಳುವುದು ಅದೇ. ಹರಿಹರೇಶ್ವರ ಗುಡಿಯನ್ನು 1224ರ ಹೊತ್ತಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಅದಕ್ಕೆ ಸೇರ್ಪಡೆ ಮಾಡಿಸಿದ. ಒಂದೇ ಗುಡಿ, 44 ವರ್ಷದ ಅಂತರ. ಇದು ಗೊತ್ತಿಲ್ಲದೆ ಇಡೀ ಗುಡಿಯನ್ನು ಒಂದೇ ಕಾಲದ್ದೆಂದು ಬರೆದಿಟ್ಟರೆ ಮುಂದಿನವರೂ ಅದನ್ನೇ ನಕಲು ಮಾಡುತ್ತಾರೆ.

ಮೈಸೂರಿನ ಪುರಾತತ್ತ್ವ ಇಲಾಖೆ ಶುರುವಾದದ್ದು 1885ರಲ್ಲಿ. ಅದರ ವಾರ್ಷಿಕ ವರದಿಗಳಲ್ಲಿ ಗುಡಿಗಳ ನಕ್ಷೆ, ಫೋಟೋ ಎರಡೂ ಅಚ್ಚಾಗಿವೆ. ಇವತ್ತಿನ ಗುಡಿಯ ಜೊತೆ ಹೋಲಿಸಿ ನೋಡಲು ಇವಕ್ಕಿಂತ ಒಳ್ಳೆಯ ಆಧಾರ ಕಡಿಮೆ. ಹುಡುಕುವಾಗ ಊರ ಹೆಸರಿನ ಹಳೇ ಕಾಗುಣಿತ ಬಳಸಿ. ಇಂಗ್ಲಿಷ್ ಕಾಗದಗಳಲ್ಲಿ ದುರ್ಗ 'ಚಿತ್ತಲ್‌ದ್ರೂಗ್', 'ಚಿತ್ತಲ್‌ದುರ್ಗ್' ಆಗಿರುತ್ತದೆ, ದಾವಣಗೆರೆ 'ದಾವಣ್‌ಗೆರೆ' ಆಗಿರುತ್ತದೆ. ನಿಮ್ಮ ಪಟ್ಟಿಯಲ್ಲೂ ಈ ಹೆಸರುಗಳಿಗೆ ಒಂದು ಕಾಲಂ ಇಟ್ಟುಬಿಡಿ.

ಇನ್ನು ಸರ್ಕಾರಿ ದುರಸ್ತಿ. ಎಸ್ಟಿಮೇಟ್, ಕಾಮಗಾರಿ ಆದೇಶ, ಬಿಲ್ಲು ಎಲ್ಲವೂ ಬೇಕು, ಆದರೆ ಒಂದೇ ಸಿಗುವುದಾದರೆ ಎಂ.ಬಿ. ಪುಸ್ತಕ (ಮೆಷರ್‌ಮೆಂಟ್ ಬುಕ್, ಕಾಮಗಾರಿಯ ಅಳತೆ ಪುಸ್ತಕ) ಕೇಳಿ. ಎಸ್ಟಿಮೇಟಿನಲ್ಲಿರುವುದು ಅಂದುಕೊಂಡದ್ದು, ಎಂ.ಬಿ.ಯಲ್ಲಿರುವುದು ಅಳೆದದ್ದು. ಯಾವ ಗೋಡೆಗೆ ಎಷ್ಟು ಚದರ ಮೀಟರ್ ಗಿಲಾವು, ಸಿಮೆಂಟೋ ಸುಣ್ಣವೋ, ಎಷ್ಟು ಕಲ್ಲು ಹೊಸದು ಎಂಬುದು ಅಲ್ಲಿ ಸಾಲು ಸಾಲಾಗಿ ಸಿಗುತ್ತದೆ. ಕೇಳಿದ ಕೂಡಲೇ ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ: 10 ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. "ದೇವಸ್ಥಾನದ ಎಲ್ಲ ದಾಖಲೆ ಕೊಡಿ" ಎಂದು ಬರೆದರೆ ವಾಪಸು ಬರುತ್ತದೆ. ಕಾಮಗಾರಿಯ ಹೆಸರು, ವರ್ಷ, "ಎಂ.ಬಿ. ಪುಸ್ತಕದ ಸಂಬಂಧಪಟ್ಟ ಪುಟಗಳ ನಕಲು" ಎಂದು ಖಚಿತವಾಗಿ ಬರೆಯಿರಿ.

ಮನೆಗಳಲ್ಲಿ ಸಿಗುವುದು ಬೇರೆ ಬಗೆ. ಶಾನುಭೋಗರ, ಗೌಡರ, ವರ್ತಕರ ಹಳೇ ಪೆಟ್ಟಿಗೆಗಳಲ್ಲಿ ಬಟ್ಟೆಯ ಕಡತ ಸಿಕ್ಕರೆ ಜೋಪಾನ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಬೀಸಣಿಗೆಯಂತೆ ಮಡಿಸಿ, ಬಳಪದಲ್ಲಿ ಬರೆದದ್ದು ಅದು. ಧೂಳು ಕೂತಿದೆ ಎಂದು ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ನೂರೈವತ್ತು ವರ್ಷದ ಲೆಕ್ಕ ಧೂಳಿನ ಜೊತೆ ಹೋಯಿತು. ಒರೆಸಬೇಡಿ, ಊದಬೇಡಿ, ಮಡಿಕೆಯನ್ನು ಬಲವಂತದಿಂದ ಬಿಡಿಸಬೇಡಿ. ಮೇಜಿನ ಮೇಲೆ ಅಡ್ಡಲಾಗಿ ಬಿಚ್ಚಿ, ಬೆಳಕನ್ನು ಒಂದೇ ಬದಿಯಿಂದ ತಗ್ಗಿನಲ್ಲಿ ಬಿಟ್ಟು, ಮೇಲಿಂದ ನೇರವಾಗಿ ಫೋಟೋ ತೆಗೆಯಿರಿ. ಮಾಸಿದ ಬಳಪದ ಗೆರೆಯೂ ಓರೆ ಬೆಳಕಿಗೆ ಎದ್ದು ಕಾಣುತ್ತದೆ.

ಇಂಥ ಲೆಕ್ಕಗಳಲ್ಲಿ ಇಸವಿ ಇರುವುದಿಲ್ಲ, ಸಂವತ್ಸರ ಇರುತ್ತದೆ, ಅದೇ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. "ಪ್ರಭವ ಸಂವತ್ಸರದಲ್ಲಿ ಮಾಳಿಗೆಗೆ ಮಣ್ಣು ಹಾಕಿಸಿದ್ದು" ಎಂದಿದ್ದರೆ ಅದು 1867-68 ಆಗಿರಬಹುದು, 1927-28 ಆಗಿರಬಹುದು, 1987-88 ಕೂಡ ಆಗಿರಬಹುದು. ಕೈಬರಹ, ಕೂಲಿಯ ದರ, ಅದೇ ಪುಟದ ಬೇರೆ ಹೆಸರುಗಳನ್ನು ನೋಡಿ ತೀರ್ಮಾನಿಸಿ. ತೀರ್ಮಾನ ಯಾವ ಆಧಾರದ ಮೇಲೆ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಶಕವರ್ಷವಿದ್ದರೆ 78 ಕೂಡಿಸಿ. ಪುಷ್ಯದ ಕೊನೆ, ಮಾಘ, ಫಾಲ್ಗುಣದ ತಿಥಿಯಾದರೆ 79. ಗಜ, ಮೊಳ, ಗೇಣು, ಅಂಕಣದ ಅಳತೆಗಳನ್ನು ಇದ್ದಂತೆಯೇ ನಕಲು ಮಾಡಿ, ಮೀಟರ್ ಲೆಕ್ಕವನ್ನು ಬೇರೆ ಕಾಲಂನಲ್ಲಿ ಇಡಿ.

ಬೇಕಾಗುವ ಸಾಮಾನು

ಮ್ಯಾನ್ಯುಯಲ್ ಮೋಡ್ ಇರುವ ಯಾವುದೇ ಕ್ಯಾಮೆರಾ ಅಥವಾ ಒಳ್ಳೆಯ ಫೋನು, ಟ್ರೈಪಾಡ್, 30 ಮೀಟರ್‌ನ ಟೇಪು ಒಂದು, 5 ಮೀಟರ್‌ನದು ಎರಡು, ಲೇಸರ್ ಅಳತೆ ಯಂತ್ರ, ತೂಗುಗುಂಡು, 15 ಮೀಟರ್‌ನ ಮಟ್ಟದ ಪೈಪು, ದಾರ, ಎ3 ಗ್ರಾಫ್ ಹಾಳೆ, ಎಚ್‌ಬಿ ಪೆನ್ಸಿಲ್, ಟಾರ್ಚು, ವರ್ನಿಯರ್ ಕ್ಯಾಲಿಪರ್, ಜಿಪ್ ಚೀಲ. ಹತ್ತು ಸೆಂಟಿಮೀಟರಿಗೊಮ್ಮೆ ಕಪ್ಪು ಬಿಳುಪು ಬಳಿದ ಒಂದು ಮೀಟರ್ ಕೋಲನ್ನು ಬಡಗಿಯಿಂದ ಮಾಡಿಸಿಕೊಳ್ಳಿ. ಚಿಕ್ಕ ವಸ್ತುವಿಗೆ 10 ಸೆಂ.ಮೀ. ಪಟ್ಟಿ.

ಮೊದಲು ಪ್ರತಿ ಭಾಗಕ್ಕೂ ಹೆಸರು

ಫೋಟೋಕ್ಕೂ ಮುಂಚೆ ಇದು ಆಗಬೇಕು. ಕೈಯಲ್ಲೇ ಒಂದು ಒರಟು ನಕ್ಷೆ ಬರೆದು, ಉತ್ತರ ದಿಕ್ಕು ಗುರುತಿಸಿ, ಕೋಣೆಗಳಿಗೆ ಬಾಗಿಲಿನಿಂದ ಪ್ರದಕ್ಷಿಣೆಯಾಗಿ 1, 2, 3 ಎಂದು ಸಂಖ್ಯೆ ಕೊಡಿ. ಕೋಣೆಯ ಗೋಡೆಗಳಿಗೆ ಪೂ, ದ, ಪ, ಉ. ಕಂಬಗಳಿಗೆ ಕ1, ಕ2. ಹೀಗೆ ಮಾಡಿದರೆ "3ಪ" ಅಂದ ಕೂಡಲೇ ಮೂರನೇ ಕೋಣೆಯ ಪಶ್ಚಿಮ ಗೋಡೆ ಎಂದು ಎಲ್ಲರಿಗೂ ಒಂದೇ ಅರ್ಥ. ಈ ಸಂಖ್ಯೆಗಳನ್ನು ಆಮೇಲೆ ಬದಲಿಸಬೇಡಿ. ಗೋಡೆ ಒಡೆದುಹೋದರೂ ಅದರ ಸಂಖ್ಯೆಯನ್ನು ಬೇರೆಯದಕ್ಕೆ ಕೊಡಬೇಡಿ.

ಅಂಗಗಳಿಗೆ ಇಲ್ಲಿನ ಜನ ಆಡುವ ಮಾತನ್ನೇ ಬರೆಯಿರಿ: ಹೊಸ್ತಿಲು, ಬಾಗಿಲುವಾಡ, ಬೋದಿಗೆ (ಕಂಬದ ತಲೆ), ತೊಲೆ, ಜಂತೆ, ಬೆಳಕಿಂಡಿ, ಪಡಸಾಲೆ. ಗುಡಿಯಾದರೆ ಅಧಿಷ್ಠಾನ (ಬುಡದ ಪೀಠ), ನವರಂಗ (ನಡುವಿನ ಮಂಟಪ), ಸುಕನಾಸಿ (ಗರ್ಭಗುಡಿಯ ಮುಂದಿನ ಕೋಣೆ). ಒಂದು ಅಂಗಕ್ಕೆ ಊರೂರಿಗೆ ಬೇರೆ ಹೆಸರಿದ್ದರೆ ಎರಡನ್ನೂ ಬರೆದಿಡಿ. ಮುಂದೆ ಹುಡುಕುವ ಮೇಸ್ತ್ರಿಗೆ ತನ್ನ ಮಾತೇ ಸಿಗಬೇಕು.

ಫೋಟೋ

ಪ್ರತಿ ಗೋಡೆಯನ್ನು ಎದುರುಗಡೆ ನೇರ ನಿಂತು, ಲೆನ್ಸು ಮೇಲೆ ಕೆಳಗೆ ಓರೆಯಾಗದಂತೆ ತೆಗೆಯಿರಿ. ಪ್ರತಿಯೊಂದನ್ನೂ ಎರಡು ಸಲ: ಅಳತೆಕೋಲು ಇಟ್ಟು ಒಮ್ಮೆ, ಇಡದೆ ಒಮ್ಮೆ. ಫೋನಿನ ಅಲ್ಟ್ರಾವೈಡ್ ಮುಟ್ಟಬೇಡಿ, ಅಂಚಿನ ಕಂಬಗಳು ಬಾಗುತ್ತವೆ. ಕಣಶಿಲೆಗೆ (ಗ್ರಾನೈಟ್‌ಗೆ) ಮಧ್ಯಾಹ್ನದ ಬಿಸಿಲು ಶತ್ರು, ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಪೂರ್ವದ ಮುಖಕ್ಕೆ ಬೆಳಗ್ಗೆ 8ರ ಆಸುಪಾಸು, ಪಶ್ಚಿಮಕ್ಕೆ ಸಂಜೆ. ಉತ್ತರದ ಗೋಡೆಗೆ ಮೋಡದ ದಿನ ಕಾಯಿರಿ.

ಶಾಸನ ಓದಲು ಅಕ್ಷರದ ಮೇಲೆ ಸೀಮೆಸುಣ್ಣ, ಹಿಟ್ಟು, ಎಣ್ಣೆ ಬಳಿಯುವುದು ಬಹಳ ಕಡೆ ನಡೆಯುತ್ತಿದೆ. ದಯವಿಟ್ಟು ಬೇಡ. ಎಣ್ಣೆ ಕಲ್ಲಿನೊಳಗೆ ಇಳಿದು ಧೂಳು ಹಿಡಿಯುತ್ತದೆ, ಹಿಟ್ಟಿಗೆ ಹುಳ ಬರುತ್ತದೆ. ಕತ್ತಲಾದ ಮೇಲೆ ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ನಿಲ್ಲಿಸಿ, ಟಾರ್ಚನ್ನು ಕಲ್ಲಿನ ಮೈಗೆ 10ರಿಂದ 20 ಡಿಗ್ರಿ ಓರೆಯಲ್ಲಿ ಎಡದಿಂದ, ಬಲದಿಂದ, ಮೇಲಿನಿಂದ ಹೀಗೆ ಬದಲಿಸುತ್ತ ನಾಲ್ಕು ಫೋಟೋ ತೆಗೆದರೆ ಸವೆದ ಅಕ್ಷರವೂ ಎದ್ದು ಬರುತ್ತದೆ.

ಮೂರು ಆಯಾಮದ ಮಾದರಿ ಮಾಡುವ ಇಚ್ಛೆಯಿದ್ದರೆ ಒಂದು ಫೋಟೋದ 70ರಿಂದ 80 ಭಾಗ ಮುಂದಿನದರಲ್ಲೂ ಬರುವಂತೆ, ಝೂಮ್ ಬದಲಿಸದೆ, ಹೆಜ್ಜೆ ಹೆಜ್ಜೆಗೂ ಕ್ಲಿಕ್ ಮಾಡುತ್ತ ಸುತ್ತಿ ಬನ್ನಿ. ನಿಂತಲ್ಲೇ ನಿಂತು ಕ್ಯಾಮೆರಾ ತಿರುಗಿಸಿದರೆ ಮಾದರಿ ಕೂಡುವುದಿಲ್ಲ.

ಕೆಲಸಕ್ಕೆ ಮುಂಚೆ, ನಡೆಯುವಾಗ, ಮುಗಿದ ಮೇಲೆ ಮೂರೂ ಸಲ ಒಂದೇ ಜಾಗದಿಂದ ತೆಗೆಯಲು ಹತ್ತು ಹನ್ನೆರಡು ನಿಲುಗಡೆಗಳನ್ನು ಆರಿಸಿ ನಕ್ಷೆಯಲ್ಲಿ ಗುರುತಿಸಿ. ಯಾವ ಕಂಬದಿಂದ ಎಷ್ಟು ಮೀಟರ್, ನೆಲದಿಂದ ಎಷ್ಟು ಎತ್ತರ, ಯಾವ ಲೆನ್ಸು ಎಂದು ಬರೆದರೆ ಐದು ವರ್ಷದ ಮೇಲೆ ಬೇರೆಯವರೂ ಅಲ್ಲೇ ನಿಲ್ಲಬಹುದು. ಪುಷ್ಕರಣಿಯಾದರೆ ಇನ್ನೊಂದು ಮಾತು: ಸಂತೇಬೆನ್ನೂರಿನಂತೆ ನಡುವೆ ಮಂಟಪ, ಸುತ್ತ ಮೆಟ್ಟಿಲು ಇರುವಲ್ಲಿ ನೀರು ಇಳಿದ ಏಪ್ರಿಲ್‌ನಲ್ಲಿ ಒಮ್ಮೆ, ಮಳೆ ನಿಂತ ನವೆಂಬರ್‌ನಲ್ಲಿ ಒಮ್ಮೆ ತೆಗೆಯಲೇಬೇಕು. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಹೊರಬೀಳುತ್ತದೆ ಎಂಬ ತೂಬು, ಕಾಲುವೆಗಳೂ ದಾಖಲೆಯ ಭಾಗ. ದುರ್ಗದ ಕೋಟೆಯಲ್ಲಿ ಮೇಲಿನ ಹೊಂಡದ ನೀರು ಕೆಳಗಿನದಕ್ಕೆ ಇಳಿಯುವ ಏರ್ಪಾಟಿದೆ. ಒಂದು ಹೊಂಡವನ್ನಷ್ಟೇ ಚಿತ್ರಿಸಿದರೆ ಅದರ ಅರ್ಧ ಕೆಲಸ ಕಾಣುವುದೇ ಇಲ್ಲ.

ಅಳತೆ

ನಕ್ಷೆ 1:50ರಲ್ಲಿ, ಬಾಗಿಲು, ಬೋದಿಗೆಯಂಥ ವಿವರ 1:10 ಅಥವಾ 1:20ರಲ್ಲಿ ಇರಲಿ. ಹಳೇ ಕಟ್ಟಡದ ಮೂಲೆ ಮಟ್ಟಸವಾಗಿದೆ ಎಂದು ನಂಬಬೇಡಿ. ನಾಲ್ಕು ಬದಿ ಅಳೆದ ಮೇಲೆ ಮೂಲೆಯಿಂದ ಮೂಲೆಗೆ ಎರಡು ಕರ್ಣವನ್ನೂ ಅಳೆಯಿರಿ. ಕರ್ಣವಿಲ್ಲದ ಅಳತೆಯಿಂದ ಮನೆಗೆ ಬಂದು ನಕ್ಷೆ ಬರೆಯಲು ಕೂತರೆ ಕೊನೆಯ ಗೋಡೆ ಕೂಡುವುದೇ ಇಲ್ಲ, ಮತ್ತೆ ಬಸ್ಸು ಹತ್ತಬೇಕು.

ಗೋಡೆಯುದ್ದಕ್ಕೂ ಕಿಟಕಿ, ಗೂಡು, ಬಾಗಿಲುಗಳನ್ನು ಬಿಡಿಬಿಡಿಯಾಗಿ ಅಳೆಯಬೇಡಿ. ಟೇಪಿನ ಸೊನ್ನೆಯನ್ನು ಒಂದು ಮೂಲೆಗೆ ಕಟ್ಟಿ, ಅಲ್ಲಿಂದಲೇ 0.85, 1.92, 3.10 ಎಂದು ಓದುತ್ತ ಹೋಗಿ. ಬಿಡಿ ಅಳತೆಯಲ್ಲಿ ಒಂದೊಂದು ಸಲ ಅರ್ಧ ಸೆಂಟಿಮೀಟರ್ ತಪ್ಪಿದರೂ ಹತ್ತು ಅಳತೆಗೆ ಐದು ಸೆಂಟಿಮೀಟರ್ ಆಯಿತು. ಎತ್ತರಕ್ಕೆ ಮಟ್ಟದ ಪೈಪಿನಿಂದ ಇಡೀ ಕಟ್ಟಡದ ಸುತ್ತ ಒಂದೇ ಮಟ್ಟದ ಗುರುತು ಹಾಕಿ, ಅಲ್ಲಿಂದ ಮೇಲೆ ಎಷ್ಟು, ಕೆಳಗೆ ಎಷ್ಟು ಎಂದು ಬರೆಯಿರಿ. ಪೈಪಿನಲ್ಲಿ ಗಾಳಿಗುಳ್ಳೆ ಇದ್ದರೆ ಮಟ್ಟ ಸುಳ್ಳು ಹೇಳುತ್ತದೆ, ಮೊದಲು ಎರಡೂ ತುದಿ ಒಟ್ಟಿಗೆ ಹಿಡಿದು ಪರೀಕ್ಷಿಸಿ.

ಬಿರುಕುಗಳಿಗೆ ಬೇರೆ ಹಾಳೆ. ಬಿರುಕಿನ ಎರಡೂ ಕಡೆ ಗಿಲಾವಿನ ಮೇಲೆ ಪೆನ್ಸಿಲಿನಲ್ಲಿ ಚಿಕ್ಕ ಗುರುತು ಹಾಕಿ, ನಡುವಿನ ಅಂತರವನ್ನು ಕ್ಯಾಲಿಪರ್‌ನಿಂದ 0.1 ಮಿ.ಮೀ. ತನಕ ಅಳೆಯಿರಿ. ಹದಿನೈದು ದಿನಕ್ಕೊಮ್ಮೆ, ದಿನದ ಅದೇ ಹೊತ್ತಿನಲ್ಲಿ ಅಳೆಯಬೇಕು, ಏಕೆಂದರೆ ಬಿಸಿಲಿಗೆ ಗೋಡೆ ಹಿಗ್ಗುತ್ತದೆ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದರೆ ಬಿರುಕು ಬೆಳೆಯುತ್ತಿದೆಯೋ ಹಳೆಯದೋ ಎಂದು ಗೊತ್ತಾಗುತ್ತದೆ. ಹಳೇ ಬಿರುಕಿಗೆ ಹೆದರಿ ಗೋಡೆಯನ್ನೇ ಬಿಚ್ಚಿಸಿದ ಉದಾಹರಣೆಗಳು ಕಡಿಮೆಯಿಲ್ಲ.

ಕೆಲಸ ನಡೆಯುವಾಗ

ದಿನಕ್ಕೆ ಒಂದು ಪುಟದ ದಿನಚರಿ ಇಡಿ, ಆ ದಿನ ಸಂಜೆಯೇ ಬರೆದು ಮುಗಿಸಿ. ಹೀಗಿರಲಿ, ಇದೊಂದು ಮಾದರಿ:

"ಫೆಬ್ರವರಿ 18, ಮಂಗಳವಾರ. 2ಉ ಗೋಡೆ. ಹೊರಗಿನ ಸಿಮೆಂಟ್ ಗಿಲಾವು 1.4 ಮೀ. ಎತ್ತರದವರೆಗೆ ಕೆತ್ತಿ ತೆಗೆದದ್ದು, ದಪ್ಪ 22 ಮಿ.ಮೀ. ಅದರ ಹಿಂದೆ ಹಸಿ, ಇಟ್ಟಿಗೆ ಬೆರಳಿಗೆ ಪುಡಿಯಾಗುತ್ತದೆ. ಸಿಮೆಂಟಿನ ಕೆಳಗೆ ಹಳೇ ಸುಣ್ಣದ ಗಿಲಾವು 12 ಮಿ.ಮೀ., ಮೇಲೆ ಕೆಮ್ಮಣ್ಣಿನ ಬಣ್ಣದ ಪಟ್ಟಿ, ನೆಲದಿಂದ 0.9 ಮೀ. ಮಾದರಿ ಮಾ-14, ಮಾ-15. ಫೋಟೋ 211ರಿಂದ 226. ಕೆಲಸಗಾರರು 4, ಮೇಸ್ತ್ರಿ 1."

ಇಷ್ಟೇ ಸಾಕು, ಆದರೆ ಇಷ್ಟಂತೂ ಬೇಕು. "ಗೋಡೆ ರಿಪೇರಿ ಮಾಡಲಾಯಿತು" ಎಂಬ ಸಾಲಿನಿಂದ ಯಾರಿಗೂ ಏನೂ ಪ್ರಯೋಜನವಿಲ್ಲ. ಮೇಲಿನ ಮಾದರಿಯಲ್ಲಿ ಇಟ್ಟಿಗೆ ಪುಡಿಯಾದದ್ದೇಕೆ ಎಂಬುದೂ ಅಡಗಿದೆ. ಸುಣ್ಣದ ಗೋಡೆ ನೆಲದ ತೇವವನ್ನು ಹೀರಿ ಮೈಯಿಂದ ಆರಿಸುತ್ತದೆ. ಸಿಮೆಂಟ್ ಬಳಿದರೆ ತೇವಕ್ಕೆ ದಾರಿ ಮುಚ್ಚಿ, ಉಪ್ಪು ಒಳಗೇ ಹರಳುಗಟ್ಟಿ ಇಟ್ಟಿಗೆಯನ್ನು ಸೀಳುತ್ತದೆ. ಹೊರಗಡೆ ಗಟ್ಟಿಮುಟ್ಟಾಗಿ ಕಾಣುವ ಗೋಡೆಯ ಒಳಗು ಹೀಗಿರುವುದರಿಂದಲೇ ಬಿಚ್ಚಿದ ದಿನದ ಬರಹಕ್ಕೆ ಬೆಲೆ.

ಕಲ್ಲು ಬಿಚ್ಚಿ ಮತ್ತೆ ಜೋಡಿಸುವುದಾದರೆ ಸಂಖ್ಯೆ ಹಾಕದೆ ಒಂದನ್ನೂ ಇಳಿಸಗೊಡಬೇಡಿ. "ಪೂ-3-12" ಅಂದರೆ ಪೂರ್ವದ ಗೋಡೆ, ಕೆಳಗಿನಿಂದ ಮೂರನೇ ವರಸೆ, ಎಡದಿಂದ ಹನ್ನೆರಡನೇ ಕಲ್ಲು. ಕಲ್ಲು ಗೋಡೆಯಲ್ಲಿರುವಾಗ ಮುಖದ ಮೇಲೆ ಸೀಮೆಸುಣ್ಣದಲ್ಲಿ ಮಾತ್ರ ಬರೆದು, ಇಡೀ ಗೋಡೆಯ ಫೋಟೋ ತೆಗೆಯಿರಿ. ಕಲ್ಲು ಕೆಳಗಿಳಿದ ಕೂಡಲೇ, ಮತ್ತೆ ಮುಚ್ಚಿಹೋಗುವ ಒಳಮೈ ಮೇಲೆ ಬಣ್ಣದಲ್ಲಿ ಅದೇ ಸಂಖ್ಯೆ. ಮುಖಕ್ಕೇ ಎನಾಮೆಲ್ ಬಣ್ಣ ಹಚ್ಚಿ ದಶಕಗಳಾದರೂ ಅಂಕಿ ಹೊತ್ತು ನಿಂತ ಗುಡಿಗಳನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಬದಲಿಗೆ ತಂದ ಹೊಸ ಕಲ್ಲು, ಹೊಸ ತೊಲೆಯ ಕಾಣದ ಬದಿಯಲ್ಲಿ ಇಸವಿ ಕೆತ್ತಿಸಿ, ಮುಂದಿನವರು ಹಳೆಯದೆಂದು ಮೋಸಹೋಗಬಾರದು.

ಮಾಳಿಗೆ ಬಿಚ್ಚುವ ದಿನ ದಾಖಲೆಯವರು ಎಲ್ಲಿಗೂ ಹೋಗುವಂತಿಲ್ಲ. ಮೇಲಿನ ಚೌಳು ಮಣ್ಣು, ಅದರ ಕೆಳಗಿನ ಪದರ, ಹಲಗೆ ಇಲ್ಲವೆ ಚಪ್ಪಡಿ, ಜಂತೆ, ತೊಲೆ ಹೀಗೆ ಅರ್ಧ ಮೀಟರ್ ಅಗಲದ ಒಂದು ಪಟ್ಟಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ, ಪ್ರತಿ ಪದರದ ದಪ್ಪ ಅಳೆದು, ಪಕ್ಕದಿಂದ ಒಂದು ಫೋಟೋ ತೆಗೆಯಿರಿ. ಅಷ್ಟರಮಟ್ಟಿಗೆ ಕೆಲಸ ನಿಲ್ಲಿಸಲು ಮೇಸ್ತ್ರಿಯ ಹತ್ತಿರ ಹಿಂದಿನ ದಿನವೇ ಮಾತಾಡಿಟ್ಟಿರಬೇಕು.

ಮಾದರಿ ತೆಗೆಯುವುದು

ಗಾರೆಯ ಮಾದರಿ ಸುಮಾರು 200 ಗ್ರಾಂ, ಹಿಂದೆ ರಿಪೇರಿ ಕಾಣದ ಜಾಗದಿಂದ, ಮೈಯಿಂದ ಎರಡು ಸೆಂಟಿಮೀಟರ್ ಒಳಗಿನದು. ಇಟ್ಟಿಗೆ, ಹೆಂಚು, ಮೊಳೆ, ಮರದ ತುಂಡು ಒಂದೊಂದು. ಚೀಲದ ಹೊರಗೆ ಪೆನ್ನಿನಲ್ಲಿ, ಒಳಗೆ ಚೀಟಿಯ ಮೇಲೆ ಪೆನ್ಸಿಲಿನಲ್ಲಿ, ಎರಡು ಕಡೆ ವಿವರ ಬರೆಯಿರಿ. ಹೊರಗಿನದು ಅಳಿಸಿದರೂ ಒಳಗಿನದು ಉಳಿಯುತ್ತದೆ. ಬಣ್ಣಕ್ಕೆ, ಕಾಣದ ಮೂಲೆಯಲ್ಲಿ ಎರಡು ಸೆಂಟಿಮೀಟರ್ ಚೌಕಗಳನ್ನು ಸಾಲಾಗಿ ಗುರುತಿಸಿ ಒಂದೊಂದರಲ್ಲೂ ಒಂದು ಪದರ ಹೆಚ್ಚು ಕೆರೆದು ಹೋದರೆ ಕೊನೆಗೆ ಮೊದಲ ಬಣ್ಣ ಸಿಗುತ್ತದೆ.

ಗಾರೆಯ ಪಾಕ ತಿಳಿಯಲು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯ ಸಾಕು. ಒಣಗಿಸಿದ 20 ಗ್ರಾಂ ಗಾರೆಯನ್ನು ಮರಳು ಪುಡಿಯಾಗದಂತೆ ಹಗುರಾಗಿ ಬಿಡಿಸಿ, ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೊರೆ ನಿಲ್ಲುವವರೆಗೆ ಹಾಕಿ, ಸೋಸಿ, ತೊಳೆದು, ಒಣಗಿಸಿ ತೂಗಿ. ಆಮ್ಲವನ್ನು ನೀರಿಗೆ ಸೇರಿಸಬೇಕು, ನೀರನ್ನು ಆಮ್ಲಕ್ಕಲ್ಲ. ಕಿಟಕಿ ತೆರೆದಿರಲಿ, ಕನ್ನಡಕ, ಕೈಗವಸು ಬಿಡಬೇಡಿ. 14 ಗ್ರಾಂ ಉಳಿದರೆ ಕರಗಿದ್ದು 6 ಗ್ರಾಂ. ಅದು ಗಾಳಿಗೆ ಗಟ್ಟಿಯಾದ ಸುಣ್ಣ. 0.74ರಿಂದ ಗುಣಿಸಿದರೆ ಮೇಸ್ತ್ರಿ ಕಲಸಿದಾಗಿನ ಅರಳಿದ ಸುಣ್ಣದ ತೂಕ 4.4 ಗ್ರಾಂ ಬರುತ್ತದೆ. ಅಂದರೆ ತೂಕದಲ್ಲಿ ಒಂದು ಪಾಲು ಸುಣ್ಣಕ್ಕೆ ಸುಮಾರು 3.2 ಪಾಲು ಮರಳು. ಉಳಿದದ್ದು ಕೆಂಪಾಗಿದ್ದರೆ ಇಟ್ಟಿಗೆ ಪುಡಿ ಬೆರೆಸಿರಬಹುದು. ಒಂದು ಎಚ್ಚರ: ಎರೆಭೂಮಿಯ ಹಳ್ಳದ ಮರಳಿನಲ್ಲಿ ಸುಣ್ಣದ ಹರಳು ಸೇರಿರುತ್ತದೆ. ಅದೂ ಕರಗಿ ಸುಣ್ಣದ ಪಾಲು ಹೆಚ್ಚು ತೋರಿಸುತ್ತದೆ. ಆದ್ದರಿಂದ ಬಿಡಿಸುವಾಗ ಬಿಳಿ ಹರಳು ಕಂಡರೆ ಬರೆದುಕೊಳ್ಳಿ. ಬೆಲ್ಲ, ಅಳಲೆಕಾಯಿ ಹಾಕಿದ್ದು ಈ ಪರೀಕ್ಷೆಯಲ್ಲಿ ಸಿಗುವುದಿಲ್ಲ, ಅದಕ್ಕೆ ಮೇಸ್ತ್ರಿಯ ಮಾತೇ ಗತಿ.

ಮೇಸ್ತ್ರಿಯ ಮಾತು

ಗಾರೆ ಕೆಲಸ ಬಲ್ಲವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಒಂದು ಗೇಣು ದೂರ ಇಟ್ಟು, ಕೆಲಸದ ಜಾಗದಲ್ಲೇ ಮಾತಾಡಿಸಿ. "ನಿಮ್ಮ ಅನುಭವ ಹೇಳಿ" ಅಂದರೆ ಅವರು ನಾಚಿಕೊಂಡು ಎರಡು ಮಾತಲ್ಲಿ ಮುಗಿಸುತ್ತಾರೆ. "ಯಜಮಾನ್ರೇ, ಸುಣ್ಣ ಎಷ್ಟು ದಿನ ನೆನೆಹಾಕಿದ್ರಿ? ಒಂದು ಬಾಂಡ್ಲಿ ಸುಣ್ಣಕ್ಕೆ ಎಷ್ಟು ಬಾಂಡ್ಲಿ ಮರಳು? ಬೆಲ್ಲ ಎಷ್ಟು, ಯಾವಾಗ ಹಾಕ್ತೀರಿ? ಹದ ಬಂತು ಅಂತ ಹೆಂಗೆ ಗೊತ್ತಾಗುತ್ತೆ?" ಎಂದು ಕೇಳಿ, ಕೈ ಕೆಲಸ ಮಾಡುತ್ತಿರಲಿ. ಆ ಬಾಂಡ್ಲಿಯ ಅಳತೆಯನ್ನೂ ತೆಗೆದುಕೊಳ್ಳಿ, ಬಾಂಡ್ಲಿಯಿಂದ ಬಾಂಡ್ಲಿಗೆ ವ್ಯತ್ಯಾಸವಿದೆ. ಅವರ ಹೆಸರು ದಾಖಲೆಯಲ್ಲಿರಲು ಒಪ್ಪಿಗೆ ಕೇಳಿ. ಚಂದಾ ಕೊಟ್ಟವರ ಹೆಸರು ಕಲ್ಲಿನ ಮೇಲೆ ಬರುತ್ತದೆ, ಕಟ್ಟಿದವರ ಹೆಸರು ಇಲ್ಲಿಯಾದರೂ ಇರಲಿ.

ಜೋಡಿಸಿಡುವುದು

ಫೋಟೋಗಳನ್ನು ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಬೇಡಿ. ಅದು ಕುಗ್ಗಿಸುತ್ತದೆ, ತೆಗೆದ ದಿನಾಂಕ, ಸ್ಥಳದ ವಿವರವನ್ನೂ ಕಳೆಯುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಗುತ್ತಿಗೆದಾರರಿಗೂ ಹೇಳಿಕೊಡಿ. ಫೈಲಿನ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಮಾತ್ರ ಬಳಸಿ. ಕಟ್ಟಡದ ಸಂಖ್ಯೆ, ದಿನಾಂಕ (20250218 ಹೀಗೆ, ವರ್ಷ ಮೊದಲು), ಗೋಡೆ, ಕ್ರಮಾಂಕ ಈ ಅನುಕ್ರಮದಲ್ಲಿದ್ದರೆ ತಾನಾಗಿಯೇ ಸಾಲಾಗಿ ನಿಲ್ಲುತ್ತದೆ.

ಕಾಗದಪತ್ರ 300 ಡಿಪಿಐ, ಹಳೇ ಫೋಟೋ 600, 35 ಮಿ.ಮೀ. ನೆಗೆಟಿವ್ 3200ರ ಆಸುಪಾಸಿನಲ್ಲಿ ಸ್ಕ್ಯಾನ್ ಮಾಡಿ. ಮೂಲಪ್ರತಿ ಟಿಫ್‌ನಲ್ಲಿ, ತೋರಿಸಲು ಜೆಪೆಗ್. ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೋ ಮೊಹರು, ಯಾರದೋ ಕೈಬರಹ ಅಲ್ಲೇ ಇರುತ್ತದೆ.

ಕನ್ನಡದ ವರದಿಗಳ ದೊಡ್ಡ ತೊಡಕು ಹಳೇ ನುಡಿ, ಬರಹ ಫಾಂಟುಗಳದು. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಗೋಜಲು ಅಕ್ಷರ, ಹುಡುಕಿದರೆ ಒಂದು ಪದವೂ ಸಿಗದು. ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಿ, ಹಳೇ ಫೈಲನ್ನೂ ಉಳಿಸಿಕೊಳ್ಳಿ.

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಲ್ಲಿ. ದುರ್ಗದವರು ಒಂದು ಹಾರ್ಡ್‌ಡಿಸ್ಕನ್ನು ದಾವಣಗೆರೆಯಲ್ಲಿ, ದಾವಣಗೆರೆಯವರು ಒಂದನ್ನು ದುರ್ಗದಲ್ಲಿ ಇಟ್ಟರೆ ಆಯಿತು. ಪ್ರತಿ ಫೈಲಿಗೂ ಚೆಕ್‌ಸಮ್ (ಫೈಲಿನ ಒಳಗಿನದ್ದರಿಂದ ಕಂಪ್ಯೂಟರ್ ಲೆಕ್ಕಹಾಕುವ ಗುರುತುಸಂಖ್ಯೆ) ತೆಗೆದಿಟ್ಟು ಆರು ತಿಂಗಳಿಗೊಮ್ಮೆ ಹೋಲಿಸಿ, ಕೆಟ್ಟ ಫೈಲು ಅದರಿಂದಲೇ ಗೊತ್ತಾಗುವುದು. ಪೆನ್‌ಡ್ರೈವ್, ಡಿವಿಡಿ ನಂಬಬೇಡಿ.

ಕಾಗದಕ್ಕೆ ಲ್ಯಾಮಿನೇಷನ್ ಮಾಡಿದರೆ ಮತ್ತೆ ಬಿಡಿಸಲಾಗದು. ಸೆಲೋಟೇಪು, ರಬ್ಬರ್ ಬ್ಯಾಂಡು, ತುಕ್ಕು ಹಿಡಿಯುವ ಪಿನ್ನು ಇವೂ ಬೇಡ. ಆಮ್ಲರಹಿತ ಲಕೋಟೆ, ನೆಗೆಟಿವ್‌ಗೆ ಪಾಲಿಯೆಸ್ಟರ್ ಹೊದಿಕೆ. ಪಿವಿಸಿ ಆಲ್ಬಮ್ ಕಾಲಕ್ರಮೇಣ ಫೋಟೋಗೆ ಅಂಟಿಕೊಳ್ಳುತ್ತದೆ. ಬೀರು ನೆಲದಿಂದ, ಗೋಡೆಯಿಂದ 15 ಸೆಂ.ಮೀ. ದೂರವಿರಲಿ, ಗೆದ್ದಲಿನ ಹಾದಿ ಕಣ್ಣಿಗೆ ಬೀಳಬೇಕು. ತೇವಾಂಶ ಶೇ. 45ರಿಂದ 55ರಲ್ಲಿದ್ದರೆ ಚೆನ್ನ, 65 ದಾಟಿದರೆ ಬೂಷ್ಟು. ನಮ್ಮದು ಒಣ ಸೀಮೆ, ವರ್ಷದ ಬಹುಪಾಲು ಚಿಂತೆಯಿಲ್ಲ. ಮಳೆಯ ತಿಂಗಳುಗಳಲ್ಲಿ ಮಾತ್ರ ದಿನವೂ ನೋಡಿ.

ಯಾವುದನ್ನು ಹೊರಗೆ ಬಿಡಬಾರದು

ದಾಖಲೆ ಎಲ್ಲರಿಗೂ ಸಿಗಬೇಕು, ಆದರೆ ನಿಧಿಗಳ್ಳರ ಕಾಟವಿರುವ ಸೀಮೆಯಿದು. ಬಯಲಲ್ಲಿ ಬಿದ್ದಿರುವ ವೀರಗಲ್ಲು, ಕಾವಲಿಲ್ಲದ ಗುಡಿಯ ವಿಗ್ರಹಗಳ ನಿಖರ ಜಾಗ ಪ್ರಕಟಿಸಬೇಡಿ, ಫೋಟೋದೊಳಗಿನ ಜಿಪಿಎಸ್ ವಿವರ ತೆಗೆದುಹಾಕಿ. ಮೂಲಪ್ರತಿಯಲ್ಲಿ ಮಾತ್ರ ಉಳಿದಿರಲಿ. ಆದರೆ ವಿಗ್ರಹಗಳ ಅಳತೆ, ನಾಲ್ಕೂ ಕಡೆಯ ಫೋಟೋ, ಮುಕ್ಕಾದ ಭಾಗದ ಹತ್ತಿರದ ಚಿತ್ರ ಖಂಡಿತ ಇರಬೇಕು. ಕಳುವಾದಾಗ ಠಾಣೆಗೆ ಒಯ್ದು ಕೊಡಲು ಇರುವುದು ಅದೊಂದೇ. ಕೆಲಸದಲ್ಲಿ ನೆಲದಡಿ ನಾಣ್ಯ, ವಿಗ್ರಹ ಸಿಕ್ಕರೆ ಅಲ್ಲಿಯೇ ನಿಲ್ಲಿಸಿ, ಸಿಕ್ಕ ಜಾಗದಲ್ಲೇ ಫೋಟೋ ತೆಗೆದು, ತಹಶೀಲ್ದಾರರಿಗೂ ಪುರಾತತ್ತ್ವ ಇಲಾಖೆಗೂ ತಿಳಿಸಿ.

ಕೆಲಸ ಮುಗಿದ ಆರು ವಾರದೊಳಗೆ ವರದಿಯ ನಾಲ್ಕು ಮುದ್ರಿತ ಪ್ರತಿ ಮಾಡಿಸಿ: ಒಂದು ಕಟ್ಟಡದವರಿಗೆ, ಒಂದು ಜಿಲ್ಲಾ ಗ್ರಂಥಾಲಯಕ್ಕೆ, ಒಂದು ಇಲಾಖೆಗೆ, ಒಂದು ನಿಮ್ಮ ಸಂಗ್ರಹಕ್ಕೆ. ಕೊನೆಯ ಪುಟದಲ್ಲಿ ಮುಂದಿನ ತಪಾಸಣೆಯ ತಿಂಗಳು ಬರೆದಿರಲಿ. ಮೊದಲ ದೊಡ್ಡ ಮಳೆ ಸುರಿದ ಮರುದಿನ ಅದೇ ನಿಲುಗಡೆಗಳಲ್ಲಿ ನಿಂತು ಮತ್ತೆ ಫೋಟೋ ತೆಗೆಯಿರಿ, ಮಾಳಿಗೆ ಎಲ್ಲಿ ಸೋರುತ್ತಿದೆ ಎಂದು ನಕ್ಷೆಯಲ್ಲಿ ಗುರುತು ಹಾಕಿ, ದಿನಚರಿಗೆ ಸೇರಿಸಿ.